ಮೊದಲು ಪಾಸ್ ಅಂದಿದ್ದು ಯಾರು?

ಇಸ್ಪೀಟಿನ ಬ್ರಿಡ್ಜ್ ಆಟ. ಕೈಯಿಂದ ಡೈಮಂಡ್ ನಾಲ್ಕು ಹಾಕಿದೆ. ಎಡಗಡೆ ಕೂತಿದ್ದ ಮೇಡಂ ಎರಡು ಹಾಕಿದರು. ಎದುರಿಗೆ ಹರವಿದ್ದ ಡಮ್ಮಿಯಲ್ಲಿ, ಅಂದರೆ ಪಾರ್ಟ್ನರ್ ತೆರೆದಿಟ್ಟ ಎಲೆಗಳಲ್ಲಿ, ಡೈಮಂಡ್ ರಾಜ, ಗುಲಾಮ, ಮೂರು. ರಾಜ ಹಾಕಬೇಕಾ, ಗುಲಾಮ ಹಾಕಬೇಕಾ?

ಏಪ್ರಿಲ್ ತಿಂಗಳ ಭಾನುವಾರ ಮಧ್ಯಾಹ್ನ. ಬಳ್ಳಾರಿ ಬಿಸಿಲು ಕಿಟಕಿಯ ಪರದೆಯನ್ನೂ ಬಿಸಿ ಮಾಡಿತ್ತು. ಕೂಲರ್ ಸದ್ದಿಗೆ ಒಬ್ಬರ ಮಾತು ಒಬ್ಬರಿಗೆ ಸರಿಯಾಗಿ ಕೇಳುತ್ತಿರಲಿಲ್ಲ. ನಾನು ಫೋರ್ ಸ್ಪೇಡ್ ಆಡುತ್ತಿದ್ದೆ. ಅಂದರೆ ಸ್ಪೇಡ್ ತುರುಫು, 13 ಟ್ರಿಕ್‌ಗಳಲ್ಲಿ (ನಾಲ್ವರೂ ಒಂದೊಂದು ಎಲೆ ಹಾಕುವ ಸುತ್ತುಗಳಲ್ಲಿ) 10 ನಮಗೆ ಬರಬೇಕು. ಹಾರ್ಟ್‌ನಲ್ಲಿ ಆಗಲೇ ಎರಡು ಕಳೆದುಕೊಂಡಿದ್ದೆ. ಡೈಮಂಡ್‌ನಲ್ಲಿ ಒಂದೇ ಒಂದು ಕಳೆದುಕೊಂಡರೆ ಆಟ ಗೆದ್ದ ಹಾಗೆ. ಎರಡು ಹೋದರೆ ಸೋಲು. ಎಕ್ಕ ಮೇಡಂ ಹತ್ತಿರ ಇದ್ದರೆ ರಾಜ ಹಾಕಬೇಕು. ರಾಣಿ ಅವರ ಹತ್ತಿರ ಇದ್ದು ಎಕ್ಕ ಬಲಗಡೆ ಇದ್ದರೆ ಗುಲಾಮ ಹಾಕಬೇಕು.

ಗುಲಾಮ ಹಾಕಿದೆ. ಬಲಗಡೆಯಿಂದ ಲೆಕ್ಕದ ಮೇಷ್ಟ್ರು ರಾಣಿ ಇಟ್ಟರು. ಆಮೇಲೆ ಮೇಡಂ ಎಕ್ಕ ಹಾಕಿದರು. ಒಂದು ಟ್ರಿಕ್ ಕಮ್ಮಿ ಬಿತ್ತು.

ನನ್ನ ಪಾರ್ಟ್ನರ್ ದೊಡ್ಡಪ್ಪ. ಆಟ ಮುಗಿಯುವವರೆಗೂ ಅವರು ಒಂದು ಮಾತೂ ಆಡುವುದಿಲ್ಲ. ಎಲೆ ಜೋಡಿಸಿದ ಮೇಲೆ ಕೇಳಿದರು.

"ಯಾಕಮ್ಮಾ ಗುಲಾಮ ಹಾಕಿದಿ?"

"ಎರಡರಲ್ಲಿ ಒಂದು ಹಾಕಬೇಕಿತ್ತಲ್ಲ ದೊಡ್ಡಪ್ಪ. ಹಾಕಿದೆ."

"ಎಲೆ ಹಂಚಿದ ಮೇಲೆ ಮೊದಲು ಪಾಸ್ ಅಂದಿದ್ದು ಯಾರು?"

ನನಗೆ ನೆನಪಿರಲಿಲ್ಲ. ಹತ್ತು ನಿಮಿಷದ ಹಿಂದಿನ ಮಾತು. ಆದರೂ ನೆನಪಿರಲಿಲ್ಲ.

ಎಲೆ ಹಂಚಿದ್ದು ಮೇಷ್ಟ್ರು. ಆಟಕ್ಕೆ ಮೊದಲು ಬಿಡ್ಡಿಂಗ್, ಅಂದರೆ ಎಷ್ಟು ಟ್ರಿಕ್ ಗೆಲ್ಲುತ್ತೇವೆ ಅಂತ ಸರದಿಯಲ್ಲಿ ಹೇಳುವುದು. ಅದರಲ್ಲಿ ಮೊದಲು ಬಾಯಿ ಬಿಡಬೇಕಾದವರು ಅವರೇ. ಅವರು ಪಾಸ್ ಅಂದಿದ್ದರು. ನಾನು ಒನ್ ಸ್ಪೇಡ್ ಅಂದೆ, ದೊಡ್ಡಪ್ಪ ಟೂ ಸ್ಪೇಡ್, ನಾನು ಫೋರ್ ಸ್ಪೇಡ್. ಮೇಡಂ ಹಾರ್ಟ್ ಗುಲಾಮದಿಂದ ಶುರು ಮಾಡಿದರು. ಮೇಷ್ಟ್ರು ಅದರ ಮೇಲೆ ರಾಣಿ ಹಾಕಿ ಗೆದ್ದರು, ರಾಜ ಹಾಕಿ ಗೆದ್ದರು, ಮೂರನೇ ಸಲ ಎಕ್ಕ ಹಾಕಿದರು. ಅದನ್ನು ನಾನು ತುರುಫಿನಿಂದ ಹೊಡೆದೆ. ಬ್ರಿಡ್ಜ್‌ನಲ್ಲಿ ಎಕ್ಕಕ್ಕೆ 4 ಪಾಯಿಂಟ್, ರಾಜನಿಗೆ 3, ರಾಣಿಗೆ 2, ಗುಲಾಮನಿಗೆ 1. ಮೇಷ್ಟ್ರು ನನ್ನ ಕಣ್ಣೆದುರಿಗೇ 9 ಪಾಯಿಂಟ್ ತೋರಿಸಿಬಿಟ್ಟಿದ್ದರು. ಅದರ ಮೇಲೆ ಡೈಮಂಡ್ ಎಕ್ಕವೂ ಅವರ ಹತ್ತಿರ ಇದ್ದಿದ್ದರೆ 13 ಆಗುತ್ತಿತ್ತು. 13 ಪಾಯಿಂಟ್ ಇಟ್ಟುಕೊಂಡು ಮೇಷ್ಟ್ರು ಪಾಸ್ ಅನ್ನುವವರಲ್ಲ. ಅಂದಮೇಲೆ ಎಕ್ಕ ಮೇಡಂ ಹತ್ತಿರವೇ ಇರಬೇಕು. ರಾಜ ಹಾಕಿದ್ದರೆ ಗೆಲ್ಲುತ್ತಿದ್ದೆ. ಅದರಲ್ಲಿ ಊಹೆ ಅನ್ನೋದೇ ಇರಲಿಲ್ಲ.

ಆ ಒಂದು ಪ್ರಶ್ನೆ ನನ್ನ ಆಟವನ್ನು ಬದಲಾಯಿಸಿತು. ಅಲ್ಲಿಯವರೆಗೆ ನನಗೆ ಬಿಡ್ಡಿಂಗ್ ಒಂದು ಕೆಲಸ, ಆಟ ಇನ್ನೊಂದು ಕೆಲಸ. ಬಿಡ್ಡಿಂಗ್ ಮುಗಿದ ಕೂಡಲೇ ಅದನ್ನು ಮರೆತು ಎಲೆಗಳ ಕಡೆ ನೋಡುತ್ತಿದ್ದೆ. ನಿಜ ಏನೆಂದರೆ ಎರಡೂ ಒಂದೇ ಕೆಲಸ. ನಮ್ಮ 13 ಎಲೆ ನಮಗೆ ಕಾಣುತ್ತವೆ. ಉಳಿದ 39 ಎಲೆ ಎಲ್ಲಿವೆ ಅಂತ ಕಂಡುಹಿಡಿಯುವುದೇ ಇಡೀ ಆಟ. ಬಿಡ್ಡಿಂಗ್‌ನಲ್ಲಿ ಅದನ್ನು ಕಿವಿಯಿಂದ ಮಾಡುತ್ತೇವೆ, ಆಮೇಲೆ ಕಣ್ಣಿಂದ. ಕಿವಿ ಕೇಳಿದ್ದನ್ನು ಕಣ್ಣು ಮರೆತರೆ ಅರ್ಧ ಆಟ ಹೋಯಿತು.

ನನಗೆ ಈ ಆಟ ಬಂದಿದ್ದು ದೊಡ್ಡಪ್ಪನಿಂದ. ಅವರು ನೀರಾವರಿ ಇಲಾಖೆಯಲ್ಲಿ ಇಂಜಿನಿಯರ್ ಆಗಿದ್ದರು. ಸುಮಾರು ವರ್ಷ ಮುನಿರಾಬಾದಿನ ಕ್ವಾರ್ಟರ್ಸ್‌ನಲ್ಲಿ, ತುಂಗಭದ್ರಾ ಡ್ಯಾಮಿನ ಪಕ್ಕದಲ್ಲೇ ಇದ್ದರು. ಸಂಜೆಯಾದರೆ ಅಲ್ಲಿ ಮಾಡಲು ಬೇರೆ ಏನೂ ಇರಲಿಲ್ಲವಂತೆ. ನಾಲ್ಕು ಜನ ಸೇರಿ ಬ್ರಿಡ್ಜ್ ಆಡುತ್ತಿದ್ದರು. ನಿವೃತ್ತಿಯಾಗಿ ಬಳ್ಳಾರಿಗೆ ಬಂದ ಮೇಲೆ ಜೊತೆಗಾರರು ಸಿಗಲಿಲ್ಲ. ನಾನು ಬ್ಯಾಂಕಿನಿಂದ ಬಂದು ಟೀ ಕುಡಿಯುತ್ತಾ ಕೂತಿದ್ದಾಗ ಒಂದು ದಿನ ಎಲೆಗಳ ಕಟ್ಟು ತಂದು ಮುಂದಿಟ್ಟರು.

ನಮ್ಮ ಅಮ್ಮನಿಗೆ ಅದು ಹಿಡಿಸಲಿಲ್ಲ. ನಮ್ಮ ಕಡೆ ಇಸ್ಪೀಟು ಅಂದ ಕೂಡಲೇ ನೆನಪಾಗುವುದು ಅಂದರ್ ಬಾಹರ್, ಪೊಲೀಸ್ ದಾಳಿ, ಮರುದಿನ ಪೇಪರಿನಲ್ಲಿ ಬರುವ ಸುದ್ದಿ. ಹೆಣ್ಣುಮಗಳು ಎಲೆ ಹಿಡಿಯುವುದಂತೂ ದೂರದ ಮಾತು. ದೊಡ್ಡಪ್ಪ ಅಮ್ಮನಿಗೆ ಸಮಾಧಾನವಾಗಿ ಹೇಳಿದರು. 1967ರಲ್ಲಿ ಸುಪ್ರೀಂ ಕೋರ್ಟು ರಮ್ಮಿ ಮುಖ್ಯವಾಗಿ ಕೌಶಲದ ಆಟ ಅಂತ ತೀರ್ಪು ಕೊಟ್ಟಿತು. ರಮ್ಮಿಯಲ್ಲಿರುವ ಅದೃಷ್ಟ ಬ್ರಿಡ್ಜ್‌ನಲ್ಲಿ ಎಲೆ ಹಂಚುವಾಗ ಇರುವ ಅದೃಷ್ಟದ ಹಾಗೆಯೇ ಅಂತ ಅದೇ ತೀರ್ಪಿನಲ್ಲಿ ಬರೆದಿದ್ದಾರೆ. ಅಮ್ಮ ಕೇಳಿಸಿಕೊಂಡರು, ಒಪ್ಪಲಿಲ್ಲ. 2018ರಲ್ಲಿ ಜಕಾರ್ತದ ಏಷ್ಯನ್ ಗೇಮ್ಸ್‌ನಲ್ಲಿ ಬ್ರಿಡ್ಜ್ ಮೊದಲ ಸಲ ಸೇರಿತು. 60 ವರ್ಷದ ಪ್ರಣಬ್ ಬರ್ಧನ್, 56 ವರ್ಷದ ಶಿವನಾಥ್ ಸರ್ಕಾರ್ ಜೋಡಿ ಚಿನ್ನ ಗೆದ್ದಿತು. ಟಿವಿಯಲ್ಲಿ ಆ ಇಬ್ಬರ ಕೊರಳಲ್ಲಿ ಪದಕ ನೋಡಿದ ಮೇಲೆ ಅಮ್ಮ ಭಾನುವಾರ ನಾಲ್ಕು ಜನಕ್ಕೂ ಒಗ್ಗರಣೆ ಮಂಡಕ್ಕಿ, ಮಿರ್ಚಿ ಮಾಡಿ ಕೊಡಲು ಶುರು ಮಾಡಿದರು.

ಈ ಆಟದ ಈಗಿನ ರೂಪಕ್ಕೆ ನೂರು ವರ್ಷ. 1925ರಲ್ಲಿ ಹೆರಾಲ್ಡ್ ವಾಂಡರ್‌ಬಿಲ್ಟ್ ಅನ್ನುವ ಅಮೆರಿಕದವರು ಪನಾಮಾ ಕಾಲುವೆಯ ಮೂಲಕ ಹೋಗುವ ಹಡಗಿನಲ್ಲಿ ಕೂತು ಹೊಸ ಸ್ಕೋರಿಂಗ್ ಮಾಡಿದರು. ಎಷ್ಟು ಟ್ರಿಕ್ ಗೆದ್ದೆ ಅನ್ನುವುದು ಸಾಲದು, ಎಷ್ಟು ಗೆಲ್ಲುತ್ತೇನೆ ಅಂತ ಮೊದಲೇ ಹೇಳಿರಬೇಕು. ಹೇಳಿದ್ದಕ್ಕೇ ಬೋನಸ್. ಅದರಿಂದಾಗಿಯೇ ಬಿಡ್ಡಿಂಗ್‌ಗೆ ಇಷ್ಟು ತೂಕ ಬಂತು.

ಬಿಡ್ಡಿಂಗ್‌ನಲ್ಲಿ ನಾನು ಮಾಡುತ್ತಿದ್ದ ದೊಡ್ಡ ತಪ್ಪು ಪಾಯಿಂಟ್ ಲೆಕ್ಕಕ್ಕೆ ಅಂಟಿಕೊಂಡಿದ್ದು. ಜೋಡಿಯಲ್ಲಿ 25 ಇದ್ದರೆ ಗೇಮ್, 33 ಇದ್ದರೆ ಸ್ಲ್ಯಾಮ್, ಅಂದರೆ ಬೋನಸ್ ಸಿಗುವ ದೊಡ್ಡ ಬಿಡ್‌ಗಳು. ಪುಸ್ತಕದ ಮೊದಲ ಪುಟದಲ್ಲೇ ಇರುತ್ತದೆ. ಲೆಕ್ಕ ತಪ್ಪಲ್ಲ, ಶುರು ಮಾಡಲು ಅದು ಬೇಕು. ಆದರೆ ಪಾಯಿಂಟ್‌ಗೆ ಆಕಾರ ಕಾಣುವುದಿಲ್ಲ. ಈ ಎರಡು ಕೈ ನೋಡಿ. ಒಂದರಲ್ಲಿ ಸ್ಪೇಡ್ ರಾಜ, ಏಳು, ಐದು, ಮೂರು. ಹಾರ್ಟ್ ರಾಣಿ, ಗುಲಾಮ, ನಾಲ್ಕು. ಡೈಮಂಡ್ ರಾಣಿ, ಗುಲಾಮ, ಆರು. ಕ್ಲಬ್ ಎಂಟು, ಏಳು, ಎರಡು. ಒಟ್ಟು 9 ಪಾಯಿಂಟ್. ಇನ್ನೊಂದರಲ್ಲಿ ಸ್ಪೇಡ್ ರಾಜ, ಒಂಬತ್ತು, ಏಳು, ಐದು. ಹಾರ್ಟ್ ಬರೀ ನಾಲ್ಕು. ಡೈಮಂಡ್ ಎಕ್ಕ, ಎಂಟು, ಆರು, ನಾಲ್ಕು, ಮೂರು. ಕ್ಲಬ್ ರಾಣಿ, ಏಳು, ಎರಡು. ಇದೂ 9 ಪಾಯಿಂಟ್. ಪಾರ್ಟ್ನರ್ ಒನ್ ಸ್ಪೇಡ್ ಅಂದಾಗ ನಾನು ಎರಡಕ್ಕೂ ಟೂ ಸ್ಪೇಡ್ ಅನ್ನುತ್ತಿದ್ದೆ.

ಎರಡನೆಯ ಕೈ ಎಷ್ಟು ದೊಡ್ಡದು ಅಂತ ಆಡಿ ನೋಡಿದಾಗ ಗೊತ್ತಾಗುತ್ತದೆ. ಹಾರ್ಟ್ ಒಂದೇ ಎಲೆ, ಹಾಗಾಗಿ ಹಾರ್ಟ್‌ನಲ್ಲಿ ಒಂದೇ ಟ್ರಿಕ್ ಹೋಗುತ್ತದೆ. ಪಾರ್ಟ್ನರ್ ಕೈಯಲ್ಲಿರುವ ಚಿಕ್ಕ ಹಾರ್ಟ್‌ಗಳನ್ನು ಈ ಕಡೆ ತುರುಫಿನಿಂದ ಹೊಡೆಯಬಹುದು. ಡೈಮಂಡ್ ಐದು ಇದೆ, ಅದನ್ನು ಬೆಳೆಸಿಕೊಳ್ಳಬಹುದು. ಮೊದಲನೆಯ ಕೈಯಲ್ಲಿ ಇದ್ಯಾವುದೂ ಇಲ್ಲ. ಬರೀ ರಾಣಿ-ಗುಲಾಮರ ಜೋಡಿ, ಅವರು ಟ್ರಿಕ್ ಗೆಲ್ಲುವ ಹೊತ್ತಿಗೆ ಎದುರಾಳಿಯ ಎಕ್ಕ, ರಾಜ ಗೆದ್ದು ಹೋಗಿರುತ್ತವೆ. ಈಗ ನಾನು ಮೊದಲನೆಯದಕ್ಕೆ ಟೂ ಸ್ಪೇಡ್, ಎರಡನೆಯದಕ್ಕೆ ತ್ರೀ ಸ್ಪೇಡ್ ಅನ್ನುತ್ತೇನೆ. ಎರಡನೆಯ ಕೈಗೆ ನೇರವಾಗಿ ನಾಲ್ಕು ಅಂದರೂ ಯಾರನ್ನೂ ತಪ್ಪು ಅನ್ನಲಾರೆ.

ಇದರಲ್ಲಿ ಇನ್ನೊಂದು ಮಾತಿದೆ. ಆ ಕೈಗೆ ಬೆಲೆ ಬಂದಿದ್ದೇ ಪಾರ್ಟ್ನರ್ ಸ್ಪೇಡ್ ಅಂದಿದ್ದರಿಂದ. ಅವರು ಒನ್ ಹಾರ್ಟ್ ಅಂದಿದ್ದರೆ ಅದೇ 9 ಪಾಯಿಂಟ್ ಕೆಳಗಿಳಿಯುತ್ತಿತ್ತು. ಎಲೆ ಬದಲಾಗಿಲ್ಲ, ಪಾಯಿಂಟ್ ಬದಲಾಗಿಲ್ಲ. ಕೇಳಿಸಿಕೊಂಡ ಮಾತು ಬದಲಾಯಿತು, ಅಷ್ಟೇ. ಎದುರಾಳಿಯ ಮಾತಿಗೂ ಹೀಗೆಯೇ. ಬಲಗಡೆಯವರು ಹಾರ್ಟ್ ಅಂದರೆ ನನ್ನ ಹಾರ್ಟ್ ರಾಜನ ಬೆಲೆ ಏರುತ್ತದೆ, ಯಾಕೆಂದರೆ ಎಕ್ಕ ಬಹುಶಃ ನನಗಿಂತ ಮೊದಲು ಆಡುವವರ ಹತ್ತಿರ ಇದೆ. ಎಡಗಡೆಯವರು ಅಂದರೆ ಇಳಿಯುತ್ತದೆ. ಪ್ರತಿ ಬಿಡ್ ಕೇಳಿದ ಮೇಲೂ ನನ್ನ ಕೈಯನ್ನು ಮತ್ತೆ ತೂಗುತ್ತೇನೆ. ಇದು ಅಭ್ಯಾಸ ಆಗಲು ಎರಡು ವರ್ಷ ಹಿಡಿಯಿತು.

ಒಂದು ಬಿಡ್ ಮಾತ್ರ ಇವತ್ತಿಗೂ ನೆನಪಾದರೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ವಲ್ನರಬಲ್ ಆಗಿದ್ದೆವು. ಅಂದರೆ ಸೋತರೆ ದಂಡ ಜಾಸ್ತಿ. ನನ್ನ ಕೈಯಲ್ಲಿ ಹಾರ್ಟ್ ಏಳು, ಪಾಯಿಂಟ್ ಕಮ್ಮಿ. ತ್ರೀ ಹಾರ್ಟ್ ಅಂದೆ. ಅಲ್ಲಿಯವರೆಗೆ ಸರಿಯೇ. ಎಡಗಡೆ ತ್ರೀ ಸ್ಪೇಡ್, ದೊಡ್ಡಪ್ಪ ಪಾಸ್, ಬಲಗಡೆ ಫೋರ್ ಸ್ಪೇಡ್. ನಾನು ನಿಲ್ಲಲಿಲ್ಲ. ಫೈವ್ ಹಾರ್ಟ್ ಅಂದೆ. ಎದುರಾಳಿಯ ಡಬಲ್ ಬಿತ್ತು, ಅಂದರೆ ಸೋತರೆ ದಂಡ ಇನ್ನಷ್ಟು ಜಾಸ್ತಿ. 11 ಟ್ರಿಕ್ ಬೇಕಿತ್ತು, 8 ಬಂತು. ಮೂರು ಕಮ್ಮಿ, 800 ಪಾಯಿಂಟ್ ದಂಡ. ಆಮೇಲೆ ದೊಡ್ಡಪ್ಪನ ಎಲೆ ನೋಡಿದರೆ ಸ್ಪೇಡ್‌ನಲ್ಲೇ ಎರಡು ಟ್ರಿಕ್ ಕಾದು ಕೂತಿದ್ದವು. ಎದುರಾಳಿಗಳ ಫೋರ್ ಸ್ಪೇಡ್ ಬೀಳುವುದಿತ್ತು.

ತ್ರೀ ಹಾರ್ಟ್ ಅಂದಾಗಲೇ ನನ್ನ ಕೈಯ ಕಥೆ ಪೂರ್ತಿ ಹೇಳಿ ಆಗಿತ್ತು. ಏಳು ಹಾರ್ಟ್, ಬೇರೆ ಏನಿಲ್ಲ. ಆ ಮೇಲೆ ತೀರ್ಮಾನ ದೊಡ್ಡಪ್ಪನದು, ಏಕೆಂದರೆ ಅವರಿಗೆ ನನ್ನ ಕೈ ಗೊತ್ತು, ನನಗೆ ಅವರದು ಗೊತ್ತಿಲ್ಲ. ಅವರ ಪಾಸ್‌ಗೂ ಅರ್ಥ ಇತ್ತು. ನಾನು ಅದನ್ನು ಮಾತು ಅಂತ ಎಣಿಸಲೇ ಇಲ್ಲ. ಒಂದೇ ಕೈಯನ್ನು ಎರಡು ಸಲ ಹೇಳುವ ಚಾಳಿ ಅವತ್ತಿಗೆ ಬಿಟ್ಟೆ.

ಇನ್ನು ಎಲೆ ಆಡುವ ವಿಷಯ. ಇಲ್ಲಿ ದೊಡ್ಡಪ್ಪ ಕಲಿಸಿದ್ದು ಒಂದೇ ಶಿಸ್ತು. ಡಮ್ಮಿ ಕೆಳಗೆ ಬಂದ ಕೂಡಲೇ ಎಲೆ ಮುಟ್ಟಬಾರದು. ಮೊದಲ ಎಲೆ ಎಷ್ಟೇ ಸುಲಭ ಅನ್ನಿಸಲಿ, ಡಮ್ಮಿಯಲ್ಲಿ ಆ ಬಣ್ಣದ್ದು (ಸ್ಪೇಡ್, ಹಾರ್ಟ್, ಡೈಮಂಡ್, ಕ್ಲಬ್ ಈ ನಾಲ್ಕೂ ನಮಗೆ ಬಣ್ಣಗಳು) ಒಂದೇ ಎಲೆ ಇರಲಿ, ಕೈ ತೊಡೆಯ ಮೇಲೆ ಇರಬೇಕು. ಆ ಅರ್ಧ ನಿಮಿಷದಲ್ಲಿ ನಾನು ಖಚಿತವಾದ ಟ್ರಿಕ್ ಎಣಿಸುತ್ತೇನೆ, ಎಷ್ಟು ಕಮ್ಮಿ ಅಂತ ನೋಡುತ್ತೇನೆ. ಆಮೇಲೆ ಬಿಡ್ಡಿಂಗ್ ಅನ್ನು ಮೊದಲಿಂದ ಮನಸ್ಸಿನಲ್ಲೇ ಒಂದು ಸಲ ಹೇಳಿಕೊಳ್ಳುತ್ತೇನೆ. ಪಾಸ್‌ಗಳನ್ನೂ ಸೇರಿಸಿ. ಕೊನೆಗೆ, ಎದುರಾಳಿ ಯಾಕೆ ಇದೇ ಎಲೆಯಿಂದ ಶುರು ಮಾಡಿದರು ಅಂತ ಕೇಳಿಕೊಳ್ಳುತ್ತೇನೆ. ಮೇಡಂ ಅವತ್ತು ಹಾರ್ಟ್ ಗುಲಾಮದಿಂದ ಶುರು ಮಾಡಿದ್ದರಲ್ಲ? ಗುಲಾಮ ಹಾಕುವವರ ಹತ್ತಿರ ಸಾಮಾನ್ಯವಾಗಿ ಕೆಳಗಿನ ಹತ್ತು ಇರುತ್ತದೆ, ಮೇಲಿನ ರಾಣಿ ಇರುವುದಿಲ್ಲ. ಮೇಷ್ಟ್ರು ಒಂದು ಎಲೆಯನ್ನೂ ಹಾಕುವ ಮೊದಲೇ ಹಾರ್ಟ್‌ನ ದೊಡ್ಡ ಎಲೆಗಳು ಅವರ ಕಡೆ ಇರಬಹುದು ಅಂತ ಊಹಿಸಬಹುದಿತ್ತು.

ಕೆಲವು ಅಂಕಿಗಳನ್ನು ಬಾಯಿಪಾಠ ಮಾಡಿಕೊಂಡೆ. ಒಂದು ಬಣ್ಣದಲ್ಲಿ ಎದುರಾಳಿಗಳ ಹತ್ತಿರ ಐದು ಎಲೆ ಇದ್ದರೆ ಅವು 3-2 ಆಗಿ ಹಂಚಿಹೋಗಿರುವ ಸಾಧ್ಯತೆ ಶೇ 68. ಆರು ಇದ್ದರೆ 3-3 ಆಗಿರುವುದು ಶೇ 36 ಮಾತ್ರ, 4-2 ಶೇ 48. ನಾಲ್ಕು ಇದ್ದರೆ 2-2 ಶೇ 41, 3-1 ಶೇ 50. ಬೆಸ ಸಂಖ್ಯೆಯ ಎಲೆ ಆದಷ್ಟು ಸಮನಾಗಿ ಒಡೆಯುತ್ತದೆ, ಸರಿ ಸಂಖ್ಯೆಯದು ಒಂದು ಕಡೆ ವಾಲುತ್ತದೆ ಅಂತ ನೆನಪಿಟ್ಟರೂ ನಡೆಯುತ್ತದೆ. ಫಿನೆಸ್, ಅಂದರೆ ಎದುರಾಳಿಯ ದೊಡ್ಡ ಎಲೆ ಇಂಥ ಕಡೆ ಇದೆ ಅಂತ ನಂಬಿ ಅದಕ್ಕಿಂತ ಚಿಕ್ಕ ಎಲೆಯಿಂದ ಗೆಲ್ಲಲು ನೋಡುವುದು, ಅರ್ಧಕ್ಕರ್ಧ. ಈ ಅಂಕಿಗಳು ಉಪಯೋಗಕ್ಕೆ ಬರುವುದು ಎರಡು ದಾರಿ ಇದ್ದಾಗ. ನನಗೆ ಒಂದು ಟ್ರಿಕ್ ಬೇಕು. ಕ್ಲಬ್ 3-3 ಆದರೂ ಸಿಗುತ್ತದೆ, ಹಾರ್ಟ್ ಫಿನೆಸ್ ಆದರೂ ಸಿಗುತ್ತದೆ. ಮೊದಲೆಲ್ಲ ಶೇ 50 ದೊಡ್ಡದು ಅಂತ ನೇರವಾಗಿ ಫಿನೆಸ್‌ಗೆ ಹೋಗುತ್ತಿದ್ದೆ. ಈಗ ಮೊದಲು ಕ್ಲಬ್ ಎಕ್ಕ, ರಾಜ, ರಾಣಿ ಆಡಿ ನೋಡುತ್ತೇನೆ. ಒಡೆದರೆ ಆಯಿತು. ಒಡೆಯದಿದ್ದರೆ ಫಿನೆಸ್ ಇನ್ನೂ ಕೈಯಲ್ಲಿದೆ. ಎರಡೂ ಸೇರಿದರೆ ಶೇ 68ರ ಹತ್ತಿರ ಹೋಗುತ್ತದೆ. ಫಿನೆಸ್ ಮೊದಲು ಮಾಡಿ ಸೋತಿದ್ದರೆ, ಎಷ್ಟೋ ಆಟದಲ್ಲಿ ಕ್ಲಬ್ ಆಡುವ ಅವಕಾಶವೇ ಸಿಗುತ್ತಿರಲಿಲ್ಲ.

ಹಾಗೆ ಮುಂದೂಡುವುದರಲ್ಲಿ ಇನ್ನೂ ಒಂದು ಲಾಭ ಇದೆ. ಕ್ಲಬ್ ಮೂರು ಸುತ್ತು ಆಡುವಾಗ ಯಾರ ಹತ್ತಿರ ಎಷ್ಟು ಕ್ಲಬ್ ಇತ್ತು ಅಂತ ಗೊತ್ತಾಗುತ್ತದೆ. ಪ್ರತಿಯೊಬ್ಬರ ಹತ್ತಿರವೂ 13 ಎಲೆ. ಎರಡು ಬಣ್ಣದ ಎಣಿಕೆ ಸಿಕ್ಕಿತು ಅಂದರೆ ಉಳಿದ ಎರಡರ ಚಿತ್ರ ತಾನಾಗಿ ಬರಲು ಶುರುವಾಗುತ್ತದೆ. ಕಷ್ಟದ ತೀರ್ಮಾನವನ್ನು ಎಷ್ಟು ತಡವಾಗಿ ಮಾಡಲು ಸಾಧ್ಯವೋ ಅಷ್ಟು ತಡ ಮಾಡುತ್ತೇನೆ. ಎಣಿಕೆ ಮೊದಮೊದಲು ತಲೆನೋವು ತರಿಸಿತು. ನಾಲ್ಕೂ ಬಣ್ಣ ಒಟ್ಟಿಗೆ ಎಣಿಸಲು ಹೋಗಿ ಯಾವುದೂ ನೆನಪಿರುತ್ತಿರಲಿಲ್ಲ. ದೊಡ್ಡಪ್ಪ, "ಒಂದು ತಿಂಗಳು ತುರುಫು ಮಾತ್ರ ಎಣಿಸು" ಅಂದರು. ಆಮೇಲೆ ತುರುಫಿನ ಜೊತೆಗೆ ಮೊದಲ ಎಲೆ ಬಿದ್ದ ಬಣ್ಣ. ಹಾಗೆ ಒಂದೊಂದೇ ಸೇರಿಸಿಕೊಂಡೆ. ಬ್ಯಾಂಕಿನಿಂದ ಬರುವಾಗ ರಾಯಲ್ ಸರ್ಕಲ್ ಸಿಗ್ನಲ್‌ನಲ್ಲಿ ನಿಂತು 5-3-3-2, 5-4-2-2, 4-4-3-2 ಅಂತ 13 ಆಗುವ ಆಕಾರಗಳನ್ನು ಹೇಳಿಕೊಳ್ಳುತ್ತಿದ್ದೆ. ಈಗ ಎಣಿಸುವುದಿಲ್ಲ. 4-4-3 ಅಂದರೆ ಉಳಿದಿದ್ದು ಎರಡು ಅಂತ ಹೊಳೆದುಬಿಡುತ್ತದೆ.

ನಮ್ಮ ಟೇಬಲ್ಲಿನಲ್ಲಿ ಒಂದು ನೋಟ್‌ಬುಕ್ ಇದೆ. ಸೋತ ಆಟಗಳನ್ನು ಬರೆಯುತ್ತೇವೆ. ನಾಲ್ಕು ಕೈ, ಬಿಡ್ಡಿಂಗ್, ಮೊದಲ ಎಲೆ. ಯಾರ ತಪ್ಪು ಅಂತ ಬರೆಯುವುದಿಲ್ಲ. ಆಟದ ನಡುವೆ ಚರ್ಚೆಯೂ ಇಲ್ಲ, ಮಂಡಕ್ಕಿ ಬಂದ ಮೇಲೆ ಮಾತ್ರ. ನಾನು ಬೇರೆ ಕಡೆ ಆಡಿದ್ದೇನೆ. ಎದುರಿಗೆ ಕೂತವರು ಒಂದು ಎಲೆ ತಪ್ಪಿದ ಕೂಡಲೇ ಮುಖ ಗಂಟು ಹಾಕಿಕೊಂಡರೆ ಮುಂದಿನ ಮೂರು ಆಟದಲ್ಲಿ ಕೈ ನಡುಗುತ್ತದೆ. ಪಾರ್ಟ್ನರ್‌ಗೆ ಧೈರ್ಯ ಇದ್ದರೆ ಮಾತ್ರ ಅವರ ಬಿಡ್ ನಿಜವಾದ ಬಿಡ್ ಆಗಿರುತ್ತದೆ. ಹೆದರಿದವರು ನಮಗೆ ಖುಷಿಯಾಗಲಿ ಅಂತ ಬಿಡ್ ಮಾಡುತ್ತಾರೆ. ಅದನ್ನು ಕೇಳಿ ಏನು ತಿಳಿದುಕೊಳ್ಳಲಿ?

ಆ ನೋಟ್‌ಬುಕ್ಕಿನಲ್ಲಿ ಹೋದ ಭಾನುವಾರ ಮೊದಲ ಸಲ ಗೆದ್ದ ಆಟವೊಂದು ಸೇರಿತು. ದೊಡ್ಡಪ್ಪ ಒನ್ ನೋಟ್ರಂಪ್ ಅಂದರು, ಅಂದರೆ ತುರುಫೇ ಇಲ್ಲದ ಆಟ. ಹಾಗಂದರೆ ಅವರ ಹತ್ತಿರ 15ರಿಂದ 17 ಪಾಯಿಂಟ್. ನನ್ನ ಹತ್ತಿರ ಹಾರ್ಟ್ ರಾಜ, ಏಳು. ಡೈಮಂಡ್ ರಾಜ, ರಾಣಿ, ಹತ್ತು, ಒಂಬತ್ತು, ಐದು. ಉಳಿದ ಆರೂ ಎಲೆ ಚಿಕ್ಕವು. ಬರೀ 8 ಪಾಯಿಂಟ್. ಅವರದು 15 ಆದರೆ ಒಟ್ಟು 23, ಗೇಮಿಗೆ ಕಮ್ಮಿ. ಆದರೆ ಆ ಡೈಮಂಡ್ ಸಾಲು ನೋಡಿ ಮನಸ್ಸು ಒಪ್ಪಲಿಲ್ಲ. ಹತ್ತು, ಒಂಬತ್ತು ಲೆಕ್ಕದಲ್ಲಿ ಸೊನ್ನೆ, ಆಟದಲ್ಲಿ ಸೊನ್ನೆಯಲ್ಲ. ನೇರವಾಗಿ ತ್ರೀ ನೋಟ್ರಂಪ್ ಅಂದೆ. ಅವರದು 15 ಇತ್ತು. ಕ್ಲಬ್ ಫಿನೆಸ್ ಕೈಗೂಡಿ 9 ಟ್ರಿಕ್ ಬಂತು.

"ಗೆದ್ದಿದ್ದು ಸರಿ," ಅಂದರು ದೊಡ್ಡಪ್ಪ. "ನಿನ್ನ ಬಿಡ್ ಸರಿನಾ ಅನ್ನೋದು ಬೇರೆ ಮಾತು. ನಿನ್ನ ಜಾಗದಲ್ಲಿ ನಾನಾಗಿದ್ರೆ ಟೂ ನೋಟ್ರಂಪ್ ಅಂತಿದ್ದೆ. ನೀನು ಹಾಗಂದಿದ್ರೆ, 15 ಇಟ್ಟುಕೊಂಡ ನಾನು ಪಾಸ್ ಅಂತಿದ್ದೆ."

ಟೀಮ್ ಪಂದ್ಯದ ಲೆಕ್ಕದಲ್ಲಿ ವಲ್ನರಬಲ್ ಇದ್ದಾಗ ಗೇಮಿಗೆ ಶೇ 38ರಷ್ಟು ಅವಕಾಶ ಇದ್ದರೂ ಹೋಗಬಹುದು ಅನ್ನುತ್ತಾರೆ. ಇಲ್ಲದಿದ್ದಾಗ ಶೇ 45ರಷ್ಟು ಬೇಕು. ನಾವು ವಲ್ನರಬಲ್ ಇರಲಿಲ್ಲ. ನಮ್ಮ ಅವಕಾಶ ಎಷ್ಟಿತ್ತು? ರಾತ್ರಿ ಊಟ ಆದ ಮೇಲೆ ಮಂಚದ ಮೇಲೆ ನನ್ನ 13, ದೊಡ್ಡಪ್ಪನ 13 ಎಲೆ ಎತ್ತಿಟ್ಟೆ. ಉಳಿದ 26 ಎಲೆ ಕಲಸಿ ಎರಡು ಪಾಲು ಮಾಡಿದೆ. ಸುಮ್ನೆ ಎಲೆ ನೋಡಿಕೊಂಡು ತೀರ್ಪು ಹೇಳಲಿಲ್ಲ. ಕಾಣದ ಹಾಗೆ ಇಟ್ಟುಕೊಂಡು ಆಡಿದೆ. ಮತ್ತೆ ಕಲಸಿದೆ, ಮತ್ತೆ ಹಂಚಿದೆ. ಹತ್ತು ಸಲದಲ್ಲಿ ಆರು ಸಲ 9 ಟ್ರಿಕ್ ಬಂತು, ನಾಲ್ಕು ಸಲ ಬಿತ್ತು. ಹತ್ತು ಸಲ ಏನೂ ಸಾಲದು. ಹನ್ನೊಂದನೆಯದಕ್ಕೆ ಕಲಸುತ್ತಿದ್ದಾಗ ಫೋನ್ ಬಂತು. ಗಂಟೆ ಹನ್ನೊಂದಾಗುತ್ತಿತ್ತು.

"ಮಲಗಿದ್ದೆಯೇನಮ್ಮಾ?" ಅಂದರು ದೊಡ್ಡಪ್ಪ. "ಎಂಟು ಸಲ ಹಂಚಿದೆ. ನಾಲ್ಕು ಗೆದ್ದೆ. ನಿಂದೆಷ್ಟು?"